ತುಟಿಮಾತು

ಇನ್ನೂ ಅರ್ಧದಷ್ಟು ಟ್ಯಾಬ್ಲೆಟ್‌ಗಳನ್ನು ಒರೆಸುವುದು ಬಾಕಿಯಿತ್ತು. ದಾನಮ್ಮ ಹಳೆಯ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ, ಒಂದೊಂದೇ ಗಾಜಿನ ಮೇಲಿನ ಬೆರಳ ಗುರುತು ತೆಗೆಯುತ್ತಿದ್ದಳು. ಹಿರೇಬನದ ಮಕ್ಕಳ ಬೆರಳಿಗೆ ಮಗ್ಗದ ಎಣ್ಣೆ ಹತ್ತಿರುತ್ತದೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಒರೆಸಿದ್ದನ್ನು ಚಾರ್ಜಿಂಗ್ ಕಪಾಟಿನ ಗೂಡಿಗೆ ಸೇರಿಸುವುದು, ದೀಪ ಹತ್ತಿತೇ ನೋಡುವುದು, ಮುಂದಿನದಕ್ಕೆ ಕೈ ಚಾಚುವುದು. ರೊಟ್ಟಿ ಬಡಿಯುವಾಗಿನಂತೆ ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು.

ಭುವನಾಳ ಟ್ಯಾಬ್ಲೆಟ್ ಬಂದಾಗ ಕೈ ನಿಂತಿತು. ಎಲ್ಲರ ಪರದೆಗೂ ನೀಲಿ ಅಂಚು, ಇದಕ್ಕೆ ಮಾತ್ರ ಮಣ್ಣಿನ ಬಣ್ಣದ ಅಂಚು ಬಂದಿತ್ತು. ನಡುವೆ ಎರಡು ಸಾಲು: ‘ಈ ಮಗು ಕೈಕಸುಬಿನ ಶಾಖೆಗೆ ತಕ್ಕುದು. ಶಿಕ್ಷಕರ ಒಪ್ಪಿಗೆ ಇದೆ.’

ದಾನಮ್ಮ ಅದನ್ನು ಎರಡು ಸಲ ಓದಿದಳು. ಭುವನಾ! ತರಗತಿಯಲ್ಲಿ ಯಾರಿಗೂ ಹೊಳೆಯದ ಲೆಕ್ಕ ಹೊಳೆಯುವ ಹುಡುಗಿ. ಮೊನ್ನೆ ಭಿನ್ನರಾಶಿ ಕಲಿಸುವಾಗ, ‘ಅಕ್ಕೋರ, ರೊಟ್ಟಿ ಮುರದಂಗ ಸೀರಿ ಸೆರಗೂ ಮುರೀಬಹುದಲ್ರಿ’ ಎಂದು ತನ್ನದೇ ಉದಾಹರಣೆ ಕೊಟ್ಟವಳು.

ಟ್ಯಾಬ್ಲೆಟ್‌ಗಳು ಬಂದದ್ದು ಆ ವರ್ಷದ ಜೂನಿನಲ್ಲಿ. ಅವುಗಳ ಒಳಗಿದ್ದ ಆ್ಯಪಿನ ಹೆಸರು ‘ಮುನ್ನೋಟ’. ಪರದೆಯ ನೆತ್ತಿಯ ಮೇಲೆ ಸಾಸಿವೆಯಷ್ಟು ಕಣ್ಣು, ಬುಡದಲ್ಲಿ ಕಿವಿ. ಪಾಠ ನಡೆಯುವಾಗ ಮಗು ಎಲ್ಲಿ ನೋಡುತ್ತದೆ, ಪ್ರಶ್ನೆ ಬಂದ ಮೇಲೆ ಎಷ್ಟು ಬೇಗ ಬಾಯಿಬಿಟ್ಟು ಉತ್ತರಿಸುತ್ತದೆ, ಇದೆಲ್ಲವನ್ನೂ ವರ್ಷವಿಡೀ ಕೂಡಿಸಿ ಐದನೆಯ ತರಗತಿಯ ಕೊನೆಗೆ ಅದು ಮಗುವಿನ ದಾರಿ ಹೇಳುತ್ತಿತ್ತು: ಓದಿನ ಶಾಖೆ ಅಥವಾ ಕೈಕಸುಬಿನ ಶಾಖೆ. ಪರೀಕ್ಷೆಯಿಲ್ಲ, ಪರೀಕ್ಷೆಯ ಭಯವೂ ಇಲ್ಲ ಎಂದು ಊರ ಗೋಡೆಗಳ ಮೇಲೆಲ್ಲ ನಗುವ ಮಕ್ಕಳ ಚಿತ್ರ ಬರೆಸಿದ್ದರು.

ದಾನಮ್ಮನ ವಯಸ್ಸಿನ ಎಷ್ಟೋ ಟೀಚರುಗಳು ‘ಇದು ನಮ್ಮಿಂದ ಆಗೂದಲ್ಲ’ ಎಂದು ಕೈಚೆಲ್ಲಿದ್ದರು. ಅವಳು ಚೆಲ್ಲಲಿಲ್ಲ. ಅಡಿಗೆ ಮನೆಯ ಕಟ್ಟೆಯ ಮೇಲೆ ಟ್ಯಾಬ್ಲೆಟ್ ಒರಗಿಸಿಕೊಂಡು, ಹಿಟ್ಟಿನ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಕಲಿತಿದ್ದಳು. ಒದ್ದೆ ಬೆರಳಿನ ಮಾತನ್ನು ಗಾಜು ಕೇಳುವುದಿಲ್ಲ ಎನ್ನುವುದರಿಂದ ಹಿಡಿದು, ಪಾಠ ಮುಗಿದ ಮೇಲೆ ಮರೆಯದೆ ಹಸಿರು ಗುಂಡಿ ಒತ್ತಬೇಕು ಎನ್ನುವವರೆಗೆ. ತರಬೇತಿಯಲ್ಲಿ ಅವಳಿಗೆ ಚಪ್ಪಾಳೆ ತಟ್ಟಿಸಿದ್ದರು. ಆ ಚಪ್ಪಾಳೆ ಈಗ ಬೆನ್ನ ಮೇಲೆ ಬಿದ್ದ ಏಟಿನ ಹಾಗೆ ಉರಿಯಿತು.

ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೆಡ್‌ಮಾಸ್ತರ ಜಿಟ್ಟಿಯವರ ಕೋಣೆಗೆ ಹೋದಳು.

“ಸರ, ಇದೇನ್ರಿ ಇದು? ಭುವನಾನ್ನ ಮಿಷಿನ್ ಕೈಕಸುಬಿಗೆ ಹಾಕೈತಿ.”

“ಮಿಷಿನ್ ಹಾಕಿಲ್ರಿ ಅಕ್ಕೋರ. ಮಿಷಿನ್ ಕೇಳೈತಿ, ನೀವು ಹೂಂ ಅಂದೀರಿ.”

“ನಾ ಯಾವಾಗ ಹೂಂ ಅಂದೆ?”

“ದಿನಾ ಸಂಜಿಮುಂದ ಹಸಿರು ಗುಂಡಿ ಒತ್ತೂದಿಲ್ಲೇನು?”

“ಅದು ಪಾಠ ಮುಗೀತು ಅನ್ನಾಕ್ರೀ! ತರಬೇತ್ಯಾಗ ಹಂಗ ಹೇಳ್ಯಾರ.”

“ಪಾಠ ಮುಗೀತು, ಮತ್ತ ಇವತ್ತಿನ ತೀರ್ಮಾನ ನನಗ ಒಪ್ಪಿಗಿ ಐತಿ ಅಂತ. ಬುಡಕ್ಕ ಸಣ್ಣ ಅಕ್ಷರದಾಗ ಬರದೈತಿ ನೋಡ್ರಿ.” ಜಿಟ್ಟಿ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. “ಖರೇ ಹೇಳ್ಬೇಕಂದ್ರ ನಾನೂ ಮೊನ್ನೇನ ಓದಿದ್ನಿ.”

“ಓದಿ ಸುಮ್ಮನ ಕುಂತ್ರಿ?”

“ಸಿಟ್ಟಾಗಬ್ಯಾಡ್ರಿ. ಜಿಲ್ಲಾದಾಗ ಕಂಪನಿಯವರ ಕೋಣಿ ಐತಿ, ಹೋಗಿ ಕೇಳ್ರಿ. ತಿಂಗಳ ಕಡೀಗೆ ಎಲ್ಲಾ ಬೀಗ ಬೀಳ್ತೈತಿ. ಆಮ್ಯಾಲೆ ದೇವರು ಬಂದ್ರೂ ತಿದ್ದಾಕ ಬರೂದಿಲ್ಲ.”

ಸಿಟ್ಟಾಗಬೇಡಿರಂತೆ! ಮಗುವಿನ ಕುತ್ತಿಗೆಗೆ ಹಗ್ಗ ಬಿಗಿಯುವಾಗ ಗಂಟು ಹಾಕಿದ ಕೈ ತನ್ನದೇ ಎಂದು ತಿಳಿದವಳಿಗೆ ಸಿಟ್ಟಾಗಬೇಡಿರಂತೆ.

*

ದಾನಮ್ಮನ ಮನೆಯ ಹಿತ್ತಲಲ್ಲೇ ಮಗ್ಗದ ಶೆಡ್ಡು. ಬೆಳಗಾದರೆ ನಾಲ್ಕು ಪಾವರ್‌ಲೂಮುಗಳು ಒಟ್ಟಿಗೆ ಕುಣಿಯತೊಡಗುತ್ತವೆ. ಆ ಸದ್ದಿನಲ್ಲಿ ಮಾತಾಡುವುದೆಂದರೆ ಗಾಳಿಗೆ ಹಿಟ್ಟು ತೂರಿದಂತೆ. ಗಂಡಸರು ಮಾತಾಡಬೇಕಾದರೆ ಮಗ್ಗ ನಿಲ್ಲಿಸುತ್ತಾರೆ. ಹೆಂಗಸರಿಗೆ ಮಗ್ಗ ನಿಲ್ಲಿಸುವ ಅಧಿಕಾರವಿಲ್ಲ. ಹಾಗಾಗಿ ಹಿರೇಬನದ ಹೆಂಗಸರು ದನಿಯಿಲ್ಲದೆ, ಬರೀ ತುಟಿ ಆಡಿಸಿ ಮಾತಾಡುವುದನ್ನು ಕಲಿತಿದ್ದರು. ಅದಕ್ಕೆ ಅವರಿಟ್ಟ ಹೆಸರು ತುಟಿಮಾತು. ಹರಿದ ಎಳೆಗೆ ಗಂಟು ಹಾಕುತ್ತಲೇ ಆಚೆ ಮಗ್ಗದವಳ ಸುಖದುಃಖ ಕೇಳುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಮಗ್ಗದ ಮಗ್ಗುಲಿಗೇ ಜೋಲಿ ಕಟ್ಟುವುದರಿಂದ ಅಲ್ಲಿಯ ಕೂಸುಗಳು ಜೋಗುಳವನ್ನೂ ಕಣ್ಣಿನಿಂದಲೇ ಕೇಳಿ ಬೆಳೆಯುತ್ತವೆ. ಗಂಡುಹುಡುಗರು ಮಾತ್ರ ಮಗ್ಗ ನಿಲ್ಲಿಸುವಷ್ಟು ದೊಡ್ಡವರಾದ ಮೇಲೆ ಅದನ್ನು ಮರೆತುಬಿಡುತ್ತಾರೆ.

ಅಂದು ದಾನಮ್ಮ ಚಹಾ ಹಿಡಿದು ಶೆಡ್ಡಿಗೆ ಹೋದಾಗ, ಗಂಡ ಸಂಗಪ್ಪ ಸೊಂಟದ ಮೇಲೆ ಕೈಯಿಟ್ಟು ನಡುವೆ ನಿಂತಿದ್ದ. ಅತ್ತೆ ಗೌರವ್ವ ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮುಖದ ಗೆರೆ ಒಂದಿಷ್ಟೂ ಕದಲದಂತೆ ಅವಳ ತುಟಿ ಆಡಿತು: ‘ನನ್ನ ಮಗ ನೋಡು, ಜಾತ್ರ್ಯಾಗ ಎಮ್ಮಿ ಕಳಕೊಂಡವನಂಗ ನಿಂತಾನ.’

ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ಕಸ್ತೂರಿ ನಗು ತಡೆಯಲು ಲಾಳಿ ತೆಗೆಯುವ ನೆಪದಲ್ಲಿ ಬಗ್ಗಿದಳು. ಸಂಗಪ್ಪನಿಗೆ ಏನೂ ಗೊತ್ತಾಗಲಿಲ್ಲ. ಯಾವ ಗಂಡಸಿಗೂ ಇಂದಿನವರೆಗೆ ಗೊತ್ತಾಗಿರಲಿಲ್ಲ.

ಕಸ್ತೂರಿ ತಲೆಯೆತ್ತಿ ದಾನಮ್ಮನನ್ನು ನೋಡಿದಳು. ಅವಳು ಭುವನಾಳ ತಾಯಿ. ‘ಅಕ್ಕೋರ, ನಮ್ಮ ಭುವಿ ಹೆಂಗ ಓದಾಕತ್ತಾಳ್ರಿ?’ ಎಂದವು ಅವಳ ತುಟಿಗಳು. ‘ಆಕಿ ಒಬ್ಬಾಕಿ ಈ ಸದ್ದಿನಿಂದ ಹೊರಗ ಬಿದ್ರ ಸಾಕ್ರೀ ನನಗ.’

ದಾನಮ್ಮ ಅವಳ ತುಟಿಯಿಂದ ಕಣ್ಣು ತಪ್ಪಿಸಿದಳು. ಚಹಾದ ಲೋಟ ಕೊಟ್ಟು ತಿರುಗಿದಳು.

ತೊಲೆಯ ಮೇಲೆ ಹೊಸದೊಂದು ಕ್ಯಾಮೆರಾ ಕಂಡಿತು. ಸಂಗಪ್ಪ ಅವಳನ್ನು ಹೊರಗೆ ಕರೆದು ಹುರುಪಿನಿಂದ ಹೇಳಿದ: “ಎಳಿ ಎಲ್ಲಿ ಹರೀತೈತಿ, ಯಾರು ಎಷ್ಟೊತ್ತು ಸುಮ್ಮನ ನಿಂತ್ರು, ಎಲ್ಲಾ ನನ್ನ ಮೊಬೈಲಿಗೆ ಬರ್ತೈತಿ. ನಿಮ್ಮ ಸಾಲಿಗೆ ಟ್ಯಾಬ್ಲೆಟ್ ಕೊಟ್ಟಾರಲ್ಲ, ಅದಽ ಕಂಪನಿ.”

*

ಮರುದಿನ ದಾನಮ್ಮ ಪಾಠ ಮಾಡುವ ಬದಲು ಮಕ್ಕಳ ಹಿಂದೆ ಹೋಗಿ ನಿಂತಳು. ವರ್ಷವಿಡೀ ಅವಳು ಮಕ್ಕಳ ಮುಖ ನೋಡಿದ್ದಳು, ಟ್ಯಾಬ್ಲೆಟ್ ಆ ಮುಖಗಳಲ್ಲಿ ಏನು ಕಾಣುತ್ತಿದೆ ಎಂದು ನೋಡಿರಲಿಲ್ಲ.

ಪರದೆಯ ಮೇಲೆ ಪ್ರಶ್ನೆ ಬಂತು. ಆ್ಯಪಿನ ಸಿಹಿ ದನಿ ಅದನ್ನು ಓದಿತು. ಭುವನಾ ಪರದೆಯ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಅಭ್ಯಾಸದಂತೆ ಅಕ್ಕೋರ ಬಾಯನ್ನು ಹುಡುಕಿ, ಹಲಗೆಯ ಹತ್ತಿರ ಕಾಣದೆ ಸುತ್ತಲೂ ಅಲೆದು, ಹಿಂದೆ ತಿರುಗಿ ದಾನಮ್ಮನ ಮುಖದ ಮೇಲೆ ನಿಂತಿತು. ಪರದೆಯ ಮೂಲೆಯಲ್ಲಿ ‘ಗಮನವಿಲ್ಲ’ ಎಂದು ಬಂತು. ಅಷ್ಟರಲ್ಲಿ ಭುವನಾಳ ತುಟಿ ಆಡಿತು. ‘ಮುಕ್ಕಾಲು.’ ಸರಿಯುತ್ತರ. ದನಿ ಮಾತ್ರ ಬರಲಿಲ್ಲ. ಆ ಮಕ್ಕಳಿಗೆ ಮೊದಲು ತುಟಿ, ಆಮೇಲೆ ದನಿ. ದನಿ ಗಂಟಲಿನಿಂದ ಎದ್ದು ಬರುವಷ್ಟರಲ್ಲಿ ಯಂತ್ರ ‘ಉತ್ತರವಿಲ್ಲ’ ಎಂದು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗಿತ್ತು.

ದಾನಮ್ಮ ಮಗ್ಗದ ಓಣಿಯ ಒಂದೊಂದೇ ಮಗುವಿನ ಹಿಂದೆ ನಿಂತು ನೋಡಿದಳು. ಎಲ್ಲ ಕಡೆಗೂ ಅದೇ. ಬಜಾರದ ಕಡೆಯ ಅಂಗಡಿಕಾರರ ಮಕ್ಕಳ ಪರದೆಗಳು ಮಾತ್ರ ತಣ್ಣಗೆ ನೀಲಿಯಾಗಿದ್ದವು.

ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಈ ಮಕ್ಕಳ ಉತ್ತರ ತನಗೆ ದಿನವೂ ಕೇಳಿಸುತ್ತಿತ್ತಲ್ಲ! ತಾನೂ ಜೋಲಿಯಲ್ಲಿ ತುಟಿ ನೋಡಿಯೇ ಬೆಳೆದವಳು. ದನಿ ಬಂತೋ ಇಲ್ಲವೋ ಎನ್ನುವುದು ತನ್ನ ಲಕ್ಷ್ಯಕ್ಕೇ ಬಂದಿರಲಿಲ್ಲ. ತನಗೆ ಕೇಳಿಸಿದ್ದು ಎಲ್ಲರಿಗೂ ಕೇಳಿಸಿತೆಂದು ತಿಳಿದು, ಸಂಜೆ ನೆಮ್ಮದಿಯಿಂದ ಹಸಿರು ಗುಂಡಿ ಒತ್ತಿ ಮನೆಗೆ ಹೋಗಿದ್ದಳು.

*

ಜಿಲ್ಲೆಯ ಊರಿನಲ್ಲಿ ಕಂಪನಿಯ ನಿಗಾ ಕೋಣೆ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲಿತ್ತು. ಒಳಗೆ ಚಳಿ ಹುಟ್ಟಿಸುವ ಎ.ಸಿ. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಮಕ್ಕಳ ಮುಖಗಳು. ಅದನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ನಚಿಕೇತ ಮೈಸೂರಿನ ಕಡೆಯ ಹುಡುಗ. ಎದ್ದು ನಿಂತು ಕುರ್ಚಿ ಕೊಟ್ಟ. ನಯವಾದವನೇ. ಆ ನಯವೇ ದಾನಮ್ಮನನ್ನು ಇನ್ನಷ್ಟು ಕೆರಳಿಸಿತು.

“ನಿಮ್ಮ ಮಿಷಿನ್ ಕಿವುಡು ಐತ್ರೀ. ಅದರ ಕಿವುಡಿಗೆ ನನ್ನ ಹುಡುಗಿ ದಾರಿ ಯಾಕ ಮುಚ್ಚೀರಿ?”

“ಕೂತ್ಕೊಳ್ಳಿ ಮೇಡಂ. ನಿಧಾನವಾಗಿ ಹೇಳಿ.”

ಅವಳು ನಿಂತೇ ಹೇಳಿದಳು. ಮಗ್ಗದ ಸದ್ದು, ತುಟಿಮಾತು, ಮಕ್ಕಳ ಕಣ್ಣು, ತಡವಾಗಿ ಬರುವ ದನಿ ಎಲ್ಲವನ್ನೂ. ಹೇಳುತ್ತ ಹೋದಂತೆ ಅವನ ಮುಖ ಅರಳಿತು. ಭುವನಾಳ ಹಳೆಯ ವಿಡಿಯೊ ತುಣುಕು ತೆಗೆದು, ತುಟಿಯನ್ನು ದೊಡ್ಡದು ಮಾಡಿ ನೋಡಿದ.

“ಅಯ್ಯೋ, ಹೌದಲ್ವಾ! ಮೇಡಂ, ಇದು ಚಿನ್ನ. ಇಂಥದ್ದೊಂದು ಇದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತೇ ಇರ್ಲಿಲ್ಲ. ಯಂತ್ರ ಕಲಿತಿದ್ದು ಸದ್ದಿಲ್ಲದ ಮನೆಗಳ ಮಕ್ಕಳನ್ನ ನೋಡಿ. ಕಲಿಸಿದ್ದನ್ನ ಮಾತ್ರ ಅದು ಕಲಿಯುತ್ತೆ, ಅಷ್ಟೇ.”

“ಹಂಗಾರ ಕಲಸ್ರಿ.”

“ನೀವೇ ಕಲಿಸ್ಬೇಕು ಮೇಡಂ. ಬೇರೆ ಯಾರಿಗೂ ಬರಲ್ವಲ್ಲ.” ಅವನು ಬಿಡಿಸಿ ಹೇಳಿದ. ತರಗತಿಯ ತುಣುಕುಗಳನ್ನು ನೋಡಿ, ಮಗುವಿನ ತುಟಿಯ ಉತ್ತರ ಸರಿಯೋ ತಪ್ಪೋ ಎಂದು ಅವಳು ಗುರುತು ಹಾಕಬೇಕು. ಅದರಿಂದ ಆ ಮಕ್ಕಳ ತೀರ್ಮಾನ ಬದಲಾಗುತ್ತದೆ. “ಆದ್ರೆ ತುಟಿ ನೋಡಿ ಮಾತು ಓದೋದಕ್ಕೆ ಮಕ್ಕಳ ತುಣುಕು ಸಾಲಲ್ಲ. ಅದಕ್ಕೆ ಬೇರೆ ತುಣುಕುಗಳಿವೆ. ಅದರ ಕೆಳಗೆ ಅವರು ಏನಂದ್ರು ಅಂತ ಬರೆದುಬಿಡಿ. ಎರಡೂ ಸೇರಿದ್ರೆ ಕೆಲಸ ಮುಗೀತು. ಮೇಲಿನವರು ಒಂದನ್ನ ಬಿಟ್ಟು ಇನ್ನೊಂದಕ್ಕೆ ಒಪ್ಪಲ್ಲ.”

“ಭುವನಾ ಓದಿನ ಶಾಖೆಗೆ ಬರ್ತಾಳ?”

“ಅವಳೊಬ್ಬಳೇ ಅಲ್ಲ, ಮಗ್ಗದ ಮನೆ ಮಕ್ಕಳೆಲ್ಲ.”

ದಾನಮ್ಮ ಆಗ ಕುಳಿತಳು. ಆ ಮಣ್ಣಿನ ಬಣ್ಣದ ಅಂಚು ಕಂಡಂದಿನಿಂದ ಮೊದಲ ಬಾರಿ ಎದೆ ಹಗುರಾಯಿತು. ಅವನು ಕೊಟ್ಟ ನೀರು ಕುಡಿಯುತ್ತ ಎದುರಿನ ಇನ್ನೊಂದು ಗೋಡೆಯ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಮಕ್ಕಳಿರಲಿಲ್ಲ. ಮಗ್ಗಗಳಿದ್ದವು. ಶೆಡ್ಡುಗಳು, ಹಾಸು, ಹೊಕ್ಕು, ಬಗ್ಗಿದ ಹೆಂಗಸರು. ಒಂದು ಪರದೆಯಲ್ಲಿ ಅವಳ ಸ್ವಂತ ಮನೆಯ ತೊಲೆ, ಅದರ ಕೆಳಗೆ ಕಸ್ತೂರಿ. ಪರದೆಯ ಬುಡದಲ್ಲಿ ಮಾತು ಬರೆಯಲು ಬಿಟ್ಟ ಖಾಲಿ ಪಟ್ಟಿ.

“ಅದೇನ್ರಿ?”

“ಅದೂ ನಮ್ದೇ ಮೇಡಂ, ಶೆಡ್ ನಿಗಾ. ಒಳಗಿರೋದು ಒಂದೇ ಎಂಜಿನ್. ಇಲ್ಲಿ ಕಲಿತದ್ದು ಅಲ್ಲೂ ಬರುತ್ತೆ. ಕೆಲಸದವರು ಏನು ಮಾತಾಡ್ತಾರೆ ಅಂತ ಮಾಲೀಕರು ಬಹಳ ದಿನದಿಂದ ಕೇಳ್ತಾ ಇದ್ರು. ಮಗ್ಗದ ಸದ್ದಿಗೆ ಏನೂ ಕೇಳಿಸದೆ ಆ ಪಟ್ಟಿ ಖಾಲಿ ಬಿದ್ದಿತ್ತು. ನಾನು ಹೇಳಿದ ಬೇರೆ ತುಣುಕು ಅಂದ್ರೆ ಇವೇ.”

ಪರದೆಯೊಳಗೆ ಕಸ್ತೂರಿಯ ತುಟಿ ಆಡುತ್ತಿತ್ತು. ಎದುರಿಗೆ ಗೌರವ್ವ ಇರಬೇಕು. ದಾನಮ್ಮ ಓದಬೇಕೆಂದು ಓದಲಿಲ್ಲ, ಕಣ್ಣು ತಾನಾಗಿ ಓದಿತು. ‘ಈ ಸಲ ಹೊಟ್ಟ್ಯಾಗ ನಿಂತೈತೆವ್ವ. ನಾಕು ತಿಂಗಳಾತು. ಸಂಗಪ್ಪಣ್ಣಗ ಗೊತ್ತಾದ್ರ ಮಗ್ಗ ಬಿಡಸ್ತಾನ. ನಿನ್ನ ಕಾಲಿಗೆ ಬೀಳ್ತೀನಿ, ಯಾರ ಮುಂದೂ ಅನಬ್ಯಾಡ.’

ದಾನಮ್ಮ ಲೋಟವನ್ನು ಮೇಜಿನ ಮೇಲಿಟ್ಟಳು.

“ಏನಂತಿದಾರೆ ಮೇಡಂ ಅವರು?” ನಚಿಕೇತ ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

“ಕಂಡಿಕಿ ತೀರಿತು, ಬ್ಯಾರೆ ಕೊಡು ಅಂತಾಳ್ರಿ.”

ಅವನು ಹಾಗೆಯೇ ಬರೆದ. ಖಾಲಿ ಪಟ್ಟಿ ತುಂಬಿತು. ಮೂಲೆಯಲ್ಲಿ ‘ಕಲಿತೆ’ ಎಂಬ ಪದ ಮಿನುಗಿತು. “ನೋಡಿ, ಎಷ್ಟು ಸುಲಭ!” ಎಂದು ನಕ್ಕ.

ದಾನಮ್ಮ ಆ ಪದವನ್ನು ನೋಡುತ್ತ ಕುಳಿತಳು. ಪ್ರಶ್ನೆಯಿಲ್ಲ, ಅನುಮಾನವಿಲ್ಲ. ಹೇಳಿದ್ದನ್ನು ನುಂಗಿ ಕಲಿತೆ ಎನ್ನುವ ಇಂಥ ವಿದ್ಯಾರ್ಥಿಯನ್ನು ಅವಳು ತನ್ನ ನೌಕರಿಯಲ್ಲೇ ಕಂಡಿರಲಿಲ್ಲ.

*

ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಸಿಟ್ಟು ಕುದಿಯಿತು. ಎಂಥ ಆಟ ಹೂಡಿದ್ದಾರೆ! ಮಗಳನ್ನು ಉಳಿಸಬೇಕಾದರೆ ತಾಯಿಯನ್ನು ಕೊಡು. ತಾಯಿಯನ್ನು ಉಳಿಸಬೇಕಾದರೆ ಮಗಳನ್ನು ಅದೇ ಮಗ್ಗಕ್ಕೆ ಕಟ್ಟು. ಕೊಡುವವಳು ಯಾರು? ಗುಂಡಿ ಒತ್ತಲು ಚೆನ್ನಾಗಿ ಕಲಿತ ಅಕ್ಕೋರು. ಕಳ್ಳನಿಗೆ ಬೀಗದ ಕೈ ಕೊಟ್ಟು, ಮೇಲೆ ಚಪ್ಪಾಳೆ ಗಿಟ್ಟಿಸಿಕೊಳ್ಳುವವಳು.

ತಾನು ಸೊಸೆಯಾಗಿ ಬಂದ ಹೊಸದರಲ್ಲಿ, ಈ ಮನೆಯಲ್ಲಿ ದನಿಯೆತ್ತಿ ಒಂದು ಮಾತಾಡಲೂ ಹೆದರುತ್ತಿದ್ದ ದಿನಗಳಲ್ಲಿ, ಅತ್ತೆ ತುಟಿಯಲ್ಲೇ ಕೇಳಿದ್ದು ಅವಳಿಗೆ ನೆನಪಾಯಿತು: ‘ರಾತ್ರಿ ಅತ್ತೀಯೇನ? ಕಣ್ಣು ಬಾತಾವ.’ ಗಂಡ, ಮಾವ, ಮೈದುನ ಎಲ್ಲರೂ ಅಲ್ಲೇ ಇದ್ದರು. ಯಾರಿಗೂ ಕೇಳಿಸದ ಆ ಒಂದು ಪ್ರಶ್ನೆಯ ಆಸರೆಯಲ್ಲಿ ಅವಳು ಈ ಮನೆಯಲ್ಲಿ ಬೇರು ಬಿಟ್ಟಿದ್ದಳು. ಬಾಗಿಲಿಲ್ಲದ ಮನೆಗಳಲ್ಲಿ ಹೆಂಗಸರು ತಮಗಾಗಿ ಕಟ್ಟಿಕೊಂಡ ಒಂದೇ ಒಂದು ಕೋಣೆ ಅದು. ಅದಕ್ಕೂ ಕ್ಯಾಮೆರಾ.

ಮನೆ ಮುಟ್ಟುವಷ್ಟರಲ್ಲಿ ಸಂಗಪ್ಪ ಅಂಗಳದಲ್ಲೇ ಕಾಯುತ್ತಿದ್ದ.

“ಕಂಪನಿಯವ್ರು ಫೋನ್ ಮಾಡಿದ್ರು. ನಿನ್ನ ಭಾಳ ಹೊಗಳಿದ್ರು. ನೀ ಕಲಸಿದ್ರ ಕ್ಯಾಮೆರಾ ತುಟಿ ಓದತೈತಂತಲ್ಲ!”

“ಓದಿದ್ರ ನಿಮಗೇನ ಬಂತು?”

“ಏನ ಬಂತು ಅಂತಿ! ನನ್ನ ಶೆಡ್ಡಿನ್ಯಾಗ ನನ್ನ ಮುಂದಽ ನಿಂತು ಏನೇನ ಮಾತಾಡ್ತಾರ ಅಂತ ನನಗ ಗೊತ್ತಾಗಬ್ಯಾಡೇನು? ಇಷ್ಟು ವರ್ಷ ಕಿವುಡನಂಗ ನಿಂತೀನಿ.”

“ಅವ್ವನೂ ಅಲ್ಲೇ ಮಾತಾಡ್ತಾರ. ಅವರ ಮಾತೂ ಓದಸ್ತೀರೇನು?”

“ಅವ್ವಂದೇನು ಅಂಥಾ ಗುಟ್ಟು ಇರ್ತಾವ!” ಸಂಗಪ್ಪ ನಕ್ಕ. “ನೀ ನಾಕು ದಿನದಾಗ ಮುಗಸಿಬಿಡು. ಸಾಲಿ ಹುಡುಗ್ರಿಗೂ ಛಲೋ, ನಮಗೂ ಛಲೋ.”

ದಾನಮ್ಮ ಅವನನ್ನು ದಾಟಿ ಒಳಗೆ ಹೋದಳು. ಕೈಕಾಲು ತೊಳೆದು, ಒದ್ದೆ ಬೆರಳನ್ನು ಸೆರಗಿಗೆ ಒರೆಸಿ, ಅಡಿಗೆ ಮನೆಯ ಕಟ್ಟೆಯ ಮೇಲೆ ಟ್ಯಾಬ್ಲೆಟ್ ಒರಗಿಸಿದಳು. ನಚಿಕೇತ ತುಣುಕುಗಳ ಎರಡು ಗಂಟು ಕಳಿಸಿದ್ದ. ಒಂದು ಶಾಲೆಯದು, ಒಂದು ಶೆಡ್ಡಿನದು.

ಮೊದಲು ಶಾಲೆಯದನ್ನು ತೆರೆದಳು. ಭುವನಾಳ ತುಟಿ, ‘ಮುಕ್ಕಾಲು.’ ಸರಿ ಎಂದು ಗುರುತು ಹಾಕಿದಳು. ಇನ್ನೊಂದು ಮಗುವಿನ ತುಟಿ ತಪ್ಪುತ್ತರ ಹೇಳಿತ್ತು, ತಪ್ಪೆಂದೇ ಹಾಕಿದಳು. ಮಕ್ಕಳ ವಿಷಯದಲ್ಲಿ ಅವಳು ಈವರೆಗೆ ಸುಳ್ಳು ಗುರುತು ಹಾಕಿದವಳಲ್ಲ, ಇವತ್ತೂ ಹಾಕಲಿಲ್ಲ. ಒಂದೊಂದು ಗುರುತಿಗೂ ಮಣ್ಣಿನ ಬಣ್ಣದ ಅಂಚುಗಳು ಮೆಲ್ಲಗೆ ನೀಲಿಯ ಕಡೆಗೆ ತಿರುಗುತ್ತಿದ್ದವು.

ಆಮೇಲೆ ಶೆಡ್ಡಿನದನ್ನು ತೆರೆದಳು. ಮೊದಲ ತುಣುಕಿನಲ್ಲೇ ಕಸ್ತೂರಿ, ಬೆವರಿದ ಮುಖ, ಬೇರೆ ಹೊತ್ತಿನಲ್ಲಿ ಮತ್ತೆ ಆಡಿದ ಅದೇ ಮಾತು. ‘ನಾಕು ತಿಂಗಳಾತು.’ ಕೆಳಗೆ ಖಾಲಿ ಪಟ್ಟಿ ಕಾಯುತ್ತಿತ್ತು.

ಹಿತ್ತಲಿನಿಂದ ಮಗ್ಗದ ಸದ್ದು ಗೋಡೆಯನ್ನು ಗುದ್ದುತ್ತಿತ್ತು. ಗೌರವ್ವ ಹಿಂಬಾಗಿಲಲ್ಲಿ ಬಂದು ನಿಂತು, ನೂಲಿನ ಧೂಳು ಹತ್ತಿದ ಸೆರಗು ಕೊಡವಿದಳು. ಸೊಸೆಯ ಮುಖ ನೋಡಿದವಳ ತುಟಿ ಕೇಳಿತು: ‘ಯಾಕ ದಾನವ್ವ, ಮಾರಿ ಕೆಂಡ ಆಗೈತಿ? ಏನ ಬರೀಲಿಕ್ಕತ್ತಿ?’

“ಸಾಲಿ ಕೆಲಸ ಅತ್ತಿ,” ಎಂದಳು ದಾನಮ್ಮ ದನಿಯೆತ್ತಿ.

ಗೌರವ್ವ ಒಂದು ಕ್ಷಣ ಅವಳನ್ನೇ ನೋಡಿದಳು. ತುಟಿಯಲ್ಲಿ ಕೇಳಿದ್ದಕ್ಕೆ ಸೊಸೆ ದನಿಯಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು. ಇನ್ನೇನನ್ನೂ ಕೇಳದೆ ಕಂಡಿಕೆಯ ಬುಟ್ಟಿ ಎತ್ತಿಕೊಂಡು ಹೋದಳು.

ದಾನಮ್ಮ ಪರದೆಯ ಕಡೆ ತಿರುಗಿದಳು. ಶಾಲೆಯ ಗುರುತು ನಿಲ್ಲಬೇಕಾದರೆ ಶೆಡ್ಡಿನ ಪಟ್ಟಿಯೂ ತುಂಬಬೇಕು, ನಿಜವಾದ ಮಾತಿನಿಂದಲೇ ತುಂಬಬೇಕೆಂದಿಲ್ಲ. ಎಷ್ಟು ತುಣುಕುಗಳಿದ್ದರೂ ಸರಿ, ಒಂದನ್ನೂ ಬಿಡುವುದಿಲ್ಲ. ಕಸ್ತೂರಿಯ ಹೊಟ್ಟೆಯ ಮಾತಿಗೆ ಎರಡರ ಮಗ್ಗಿ. ಆಚೆ ಓಣಿಯವಳ ಬೈಗುಳಕ್ಕೆ ವಾರಗಳ ಹೆಸರು. ಅತ್ತೆಯ ಕೊಂಕಿಗೆ ಋತು, ಮಾಸ, ನಕ್ಷತ್ರ. ಕಲಿಸಿದ್ದನ್ನಷ್ಟೇ ಕಲಿಯುವ ವಿದ್ಯಾರ್ಥಿ ತಾನೇ, ಕಲಿಯಲಿ. ಸಂಗಪ್ಪ ಮೊಬೈಲು ಹಿಡಿದು ಕುಳಿತು ಕೇಳಲಿ, ತನ್ನ ಶೆಡ್ಡಿನ ಹೆಂಗಸರು ದಿನವಿಡೀ ಮಗ್ಗಿ ಒಪ್ಪಿಸುವುದನ್ನು. ಸಿಕ್ಕಿಬಿದ್ದರೆ ನೌಕರಿ ಹೋದೀತು. ಹೋಗಲಿ. ಇದು ಅತ್ತೆಗೂ ತಿಳಿಯುವುದು ಬೇಡ, ಕಸ್ತೂರಿಗಂತೂ ಬೇಡವೇ ಬೇಡ.

‘ಎರಡೊಂದ್ಲೆ ಎರಡು’ ಎಂದು ಬರೆದಳು. ಬುಡದ ಸಣ್ಣ ಅಕ್ಷರಗಳನ್ನು ಈ ಸಲ ಪೂರ್ತಿ ಓದಿದಳು. ಹಸಿರು ಗುಂಡಿ ಒತ್ತಿದಳು.

ಯಂತ್ರ ಹೇಳಿತು: ‘ಕಲಿತೆ.’

ದಾನಮ್ಮ ಮುಂದಿನ ತುಣುಕನ್ನು ತೆರೆದಳು.